ನ್ಯೂಟರ್ ಆದ ಮೊಲದ ಆರೈಕೆ: ಮೊದಲ 48 ಗಂಟೆ, ಆಮೇಲಿನ ಆರು ವಾರ

ಗರಿಕೆ_ಕಟ್ಟು
ಗಂಡು ಮೊಲ, ಐದೂವರೆ ತಿಂಗಳು, ತೂಕ 2 ಕೆಜಿ. ನಾಳೆ ಬೆಳಿಗ್ಗೆ 10ಕ್ಕೆ ನ್ಯೂಟರ್ (ಬೀಜ ತೆಗೆಯುವ) ಆಪರೇಷನ್. ದಾವಣಗೆರೆ, ಮಧ್ಯಾಹ್ನ ಮನೆಯೊಳಗೆ 31 ಡಿಗ್ರಿ ಇದೆ. ಕ್ಲಿನಿಕ್ ಕೊಟ್ಟ ಸೂಚನೆ: ರಾತ್ರಿ 10ರ ಮೇಲೆ ಊಟ, ನೀರು ಬೇಡ, ಆಮೇಲೆ ಗಾಯ ನೆಕ್ಕದಂತೆ ಕುತ್ತಿಗೆಗೆ ಕೋನ್, ಐದು ದಿನ ಆಂಟಿಬಯಾಟಿಕ್ ಸಿರಪ್. ಪಕ್ಕದ ಪಂಜರದಲ್ಲಿ ಒಂದು ಹೆಣ್ಣು ಮೊಲವೂ ಇದೆ. ಮನೆಯಲ್ಲಿ ಏನೇನು ಸಿದ್ಧ ಮಾಡಿಟ್ಟುಕೊಳ್ಳಬೇಕು?

ಹಿಕ್ಕೆ_ಲೆಕ್ಕ
ಮೊದಲು ಆ ಉಪವಾಸದ ವಿಷಯ. ಇವತ್ತೇ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿ. ನಾಯಿ, ಬೆಕ್ಕುಗಳನ್ನು ಖಾಲಿ ಹೊಟ್ಟೆಯಲ್ಲಿ ತರಲು ಹೇಳುವುದು ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯದಿರಲಿ ಎಂದು. ಮೊಲಕ್ಕೆ ವಾಂತಿ ಮಾಡಲು ಆಗುವುದೇ ಇಲ್ಲ. ಅದರ ಕರುಳು ಹಗಲು ರಾತ್ರಿ ನಡೆಯುತ್ತಲೇ ಇರಬೇಕಾದ ಯಂತ್ರ. ಹನ್ನೆರಡು ಗಂಟೆ ಖಾಲಿ ಬಿಟ್ಟರೆ ಆಪರೇಷನ್ ಶುರುವಾಗುವ ಮೊದಲೇ ಅರ್ಧ ನಿಂತಿರುತ್ತದೆ. ಬಾಯಲ್ಲಿ ಹುಲ್ಲಿನ ಎಳೆ ಉಳಿಯದಿರಲು ಒಂದು ಗಂಟೆ ಮುಂಚೆ ತಟ್ಟೆ ಎತ್ತಿದರೆ ಸಾಕು. ಅಲ್ಲಿಯವರೆಗೆ ಒಣಹುಲ್ಲು, ನೀರು ಎರಡೂ ಇರಲಿ. ಕ್ಲಿನಿಕ್‌ಗೆ ಹೋಗುವಾಗ ಅದು ದಿನಾ ತಿನ್ನುವ ಹುಲ್ಲನ್ನೇ ಒಂದು ಚೀಲದಲ್ಲಿ ಕಟ್ಟಿಕೊಂಡು ಹೋಗಿ, ಎಚ್ಚರವಾದ ತಕ್ಷಣ ಮುಂದಿಡಲು ಹೇಳಿ.

ಇವತ್ತು ರಾತ್ರಿ ಮಾಡಬೇಕಾದದ್ದು ಇನ್ನೊಂದಿದೆ. ಟ್ರೇ ಖಾಲಿ ಮಾಡಿ, ಬೆಳಿಗ್ಗೆಯವರೆಗೆ ಬಿದ್ದ ಹಿಕ್ಕೆಯ ಫೋಟೊ ತೆಗೆದಿಡಿ. ಆರೋಗ್ಯವಾಗಿರುವ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ನಾಳೆ ರಾತ್ರಿ "ಕಡಿಮೆ ಹಾಕಿದೆಯಾ" ಎಂದು ತಲೆ ಕೆಡಿಸಿಕೊಳ್ಳುವಾಗ ಹೋಲಿಸಿ ನೋಡಲು ನಿಮ್ಮದೇ ಮೊಲದ ಅಳತೆ ಕೈಯಲ್ಲಿರುತ್ತದೆ. ತೂಕವನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ಬರೆದಿಡಿ. 2 ಕೆಜಿ ಮೊಲಕ್ಕೆ 100 ಗ್ರಾಂ ಇಳಿದರೆ ವೈದ್ಯರಿಗೆ ಫೋನ್ ಮಾಡಬೇಕು, 200 ಗ್ರಾಂ ಇಳಿದರೆ ಕರೆದುಕೊಂಡೇ ಹೋಗಬೇಕು.

ಸಣ್ಣಪ್ರಾಣಿ_ವೈದ್ಯೆ
ಆ ಆಂಟಿಬಯಾಟಿಕ್ ಸಿರಪ್‌ನ ಹೆಸರು ಓದಿ. ಇಡೀ ಪಟ್ಟಿಯಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಅದೇ. ಅಮಾಕ್ಸಿಸಿಲಿನ್, ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಆಂಪಿಸಿಲಿನ್, ಸೆಫಲೆಕ್ಸಿನ್, ಕ್ಲಿಂಡಾಮೈಸಿನ್, ಲಿಂಕೊಮೈಸಿನ್, ಎರಿತ್ರೊಮೈಸಿನ್: ಇವುಗಳಲ್ಲಿ ಯಾವುದನ್ನೂ ಮೊಲದ ಬಾಯಿಗೆ ಹಾಕಬಾರದು. ಹುಲ್ಲನ್ನು ಹುದುಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಭೇದಿ ಕೆಲವು ದಿನ ಕಳೆದು ಶುರುವಾಗಬಹುದು, ಹಾಗಾಗಿ ಔಷಧಿಯೇ ಕಾರಣವೆಂದು ಹೊಳೆಯುವುದೂ ಇಲ್ಲ. ನಾಯಿಗೆ ದಿನಾ ಬರೆಯುವ ಔಷಧಿಗಳಾದ್ದರಿಂದ ಕೈತಪ್ಪಿನಿಂದ ಮೊಲದ ಚೀಟಿಗೂ ಬಂದುಬಿಡುತ್ತವೆ. ಮೊಲಕ್ಕೆ ಸಾಮಾನ್ಯವಾಗಿ ಬಳಸುವುದು ಎನ್ರೊಫ್ಲಾಕ್ಸಸಿನ್ ಅಥವಾ ಟ್ರೈಮೆಥೊಪ್ರಿಮ್-ಸಲ್ಫಾ. ಶುಚಿಯಾಗಿ ನಡೆದ ಗಂಡು ಮೊಲದ ಆಪರೇಷನ್‌ಗೆ ಎಷ್ಟೋ ಸಲ ಆಂಟಿಬಯಾಟಿಕ್ ಬೇಕಾಗುವುದೇ ಇಲ್ಲ.

ಬೇಕೇ ಬೇಕಾದದ್ದು ನೋವಿನ ಔಷಧಿ. ನಿಮ್ಮ ಸೂಚನೆಯಲ್ಲಿ ಅದು ಕಾಣಿಸುತ್ತಿಲ್ಲ. ನೋವಿದ್ದರೆ ಅಡ್ರಿನಲಿನ್ ಏರುತ್ತದೆ, ಕರುಳು ನಿಧಾನವಾಗುತ್ತದೆ, ಮೊಲ ತಿನ್ನುವುದಿಲ್ಲ. ತಿನ್ನದಿದ್ದರೆ ಗ್ಯಾಸ್ ತುಂಬಿ ಮತ್ತೆ ನೋವು. ಆಪರೇಷನ್ ಚೆನ್ನಾಗಿ ಆಗಿಯೂ ಮೊಲ ಸಾಯುವುದು ಹೆಚ್ಚಾಗಿ ಈ ವಿಷಚಕ್ರಕ್ಕೆ ಸಿಕ್ಕಿ. ಮನೆಗೆ ಕೊಡುವ ಔಷಧಿ ಬಹುತೇಕ ಮೆಲೊಕ್ಸಿಕ್ಯಾಮ್. ಮೊಲದ ದೇಹ ಇದನ್ನು ಬೇಗ ಹೊರಹಾಕುವುದರಿಂದ ನಾಯಿಯ ಪ್ರಮಾಣ ಸಾಲುವುದಿಲ್ಲ. ನಾಯಿಗೆ ಕೆಜಿಗೆ 0.1ರಿಂದ 0.2 ಮಿಗ್ರಾಂ ಇದ್ದರೆ ಮೊಲಕ್ಕೆ 0.5ರ ಆಸುಪಾಸು, ಕೆಲವೊಮ್ಮೆ 1 ಮಿಗ್ರಾಂವರೆಗೆ. ಕೆಜಿಗೆ 0.5 ಎಂದಾದರೆ 2 ಕೆಜಿಗೆ 1 ಮಿಗ್ರಾಂ, 1.5 ಮಿಗ್ರಾಂ/ಮಿಲಿ ಬಾಟಲಿಯಲ್ಲಿ ಅದು 0.67 ಮಿಲಿ, 0.5 ಮಿಗ್ರಾಂ/ಮಿಲಿ ಬಾಟಲಿಯಲ್ಲಿ 2 ಮಿಲಿ. ಬಾಟಲಿ ಅದಲುಬದಲಾದರೆ ಮೂರು ಪಟ್ಟು ಹೆಚ್ಚುಕಮ್ಮಿ ಆಗಿಬಿಡುತ್ತದೆ. ಹಾಗಾಗಿ ಚೀಟಿಯಲ್ಲಿ ಮಿಲಿ ಮಾತ್ರವಲ್ಲ, ಬಾಟಲಿಯ ಸಾಂದ್ರತೆಯನ್ನೂ ಬರೆಸಿಕೊಳ್ಳಿ. ಬಾಟಲಿಯ ಜೊತೆ ಬರುವ, ನಾಯಿಯ ತೂಕದ ಗುರುತಿರುವ ಸಿರಿಂಜ್ ಬಳಸಬೇಡಿ. ಪ್ರಮಾಣ ನಿರ್ಧರಿಸುವುದು ಮೊಲವನ್ನು ನೋಡಿದ ವೈದ್ಯರೇ. ನಾನು ಲೆಕ್ಕ ಹಾಕಿದ್ದು ನೀವು ಸರಿಯಾದ ಪ್ರಶ್ನೆ ಕೇಳಲಿ ಎಂದು. ಮನುಷ್ಯರ ಇಬುಪ್ರೊಫೇನ್ ಎಂದೂ ಬೇಡ.

ಇನ್ನೆರಡು ಮಾತು ಮೊದಲೇ ಹೇಳಿಡಿ. ಅರಿವಳಿಕೆಯಲ್ಲಿ ಹೃದಯದ ಬಡಿತ ಇಳಿಯದಂತೆ ಅಟ್ರೋಪಿನ್ ಕೊಡುವುದುಂಟು; ಹಲವು ಮೊಲಗಳ ರಕ್ತದಲ್ಲಿ ಅದನ್ನು ಒಡೆಯುವ ಕಿಣ್ವ ಇರುತ್ತದೆ, ಆದ್ದರಿಂದ ಗ್ಲೈಕೊಪೈರೊಲೇಟ್ ಮೇಲು. "ಹೇಗೂ ಬಂದಿದೆ, ಉಣ್ಣೆ ಹುಳಕ್ಕೂ ಒಂದು ಸ್ಪ್ರೇ ಹೊಡೆದುಬಿಡೋಣ" ಎಂದರೆ ಬೇಡ ಎನ್ನಿ. ನಾಯಿಗೆ ಹೊಡೆಯುವ ಫಿಪ್ರೊನಿಲ್ ಮೊಲಕ್ಕೆ ವಿಷ.

ಗರಿಕೆ_ಕಟ್ಟು
ಫೋನ್ ಮಾಡಿದೆ. ಸಿರಪ್ ಅಮಾಕ್ಸಿಸಿಲಿನ್ ಆಗಿತ್ತು, ಬದಲಾಯಿಸಲು ಒಪ್ಪಿದರು. ನೋವಿಗೆ ಮೆಲೊಕ್ಸಿಕ್ಯಾಮ್ ಬರೆದರು. ಉಪವಾಸ ಬೇಡವೆಂದೂ ಒಪ್ಪಿದರು.

ಬಿಸಲೂರು_ಮೊಲ
ಜಾಗಾದ ಬಗ್ಗೆ ನಾ ಹೇಳತೀನ್ರಿ. ಮನಿಗೆ ಬಂದ ಮೊದಲ ಐದಾರು ತಾಸು ಬೆಚ್ಚಗ ಬೇಕು, ಆಮ್ಯಾಲ ತಂಪು ಬೇಕು. ಇದನ್ನ ಮಂದಿ ಉಲ್ಟಾ ಮಾಡತಾರ. ಅರಿವಳಿಕಿ ಕೊಟ್ಟಾಗ ಮೈ ಕಾವು ಇಳದಿರತೈತಿ; ಸರಿಯಾದ ಕಾವು 38.5ರಿಂದ 40 ಡಿಗ್ರಿ. ಕಿವಿ ಮುಟ್ಟಿ ನೋಡ್ರಿ. ತಣ್ಣಗಿದ್ರ ಬಿಸಿನೀರಿನ ಬಾಟಲಿಗೆ ಎರಡು ಮಡಿಕಿ ಟವೆಲ್ ಸುತ್ತಿ ಪಂಜರದ ಒಂದೇ ಬದಿಗೆ ಇಡ್ರಿ. ಸುತ್ತ ಇಡಬ್ಯಾಡ್ರಿ, ಸೆಕಿ ಆದ್ರ ಅದಕ್ಕ ದೂರ ಸರಿಯಾಕ ಜಾಗಾ ಇರಬೇಕು. ಓಡಾಡಾಕ ಹತ್ತಿದ ಮ್ಯಾಲ ಬಾಟಲಿ ತೆಗೀರಿ. ಆವಾಗಿಂದ ಕೋಣಿ 26 ಡಿಗ್ರಿ ದಾಟಬಾರದು. 31 ಅಂದ್ರ ಹುಷಾರಿದ್ದ ಮೊಲಕ್ಕೂ ಕಷ್ಟ. ಕೂಲರ್ ಇದ್ರ ಕಿಟಕಿ ತೆಗದಿಡ್ರಿ, ಇಲ್ಲಾಂದ್ರ ತೇವ ಕೂಡತೈತಿ. ಗಾಳಿ ನೇರ ಮೈಮ್ಯಾಲ ಬೀಳಬಾರದು. ನೀರು ತುಂಬಿ ಫ್ರೀಜರ್‌ನ್ಯಾಗ ಗಟ್ಟಿ ಮಾಡಿದ ಬಾಟಲಿಗೆ ಅರಿವಿ ಸುತ್ತಿ ಮಗ್ಗಲಕ್ಕ ಇಟ್ರ ತಾನಾ ಬಂದು ಒರಗತೈತಿ. ಕಲಬುರಗಿ, ರಾಯಚೂರು ಕಡಿಯವ್ರು ಏಪ್ರಿಲ್, ಮೇದಾಗ ಆಪರೇಷನ್ ಇಟ್ಕೊಳ್ಳೋದ ಬ್ಯಾಡ್ರಿ. ನವೆಂಬರಿಂದ ಫೆಬ್ರುವರಿ ಛಲೋ.

ಕೆಳಗ ಹಾಸಾಕ ಹಳೇ ಟವೆಲ್, ದಿನಾ ಎರಡು ಸಲ ಬದಲಿ. ಕಟ್ಟಿಗಿ ಹೊಟ್ಟು, ಬೆಕ್ಕಿನ ಮರಳು ಗಾಯಕ್ಕ ಅಂಟತಾವು, ಒಂದು ವಾರ ಬ್ಯಾಡ. ಟವೆಲ್ಲಿನ ದಾರ ಕಡದು ನುಂಗೂ ಮೊಲ ಆದ್ರ ದಾರ ಏಳದ ಫ್ಲೀಸ್ ದುಪ್ಪಟಿ ತುಂಡು ಹಾಕ್ರಿ. ಎರಡನೇ ಮಾಳಿಗಿ ಇರೋ ಪಂಜರ ಇದ್ರ ಏಣಿ ತೆಗದುಬಿಡ್ರಿ. ನುಣ್ಣನ ಟೈಲ್ಸ್ ಮ್ಯಾಲ ಬಿಡಬ್ಯಾಡ್ರಿ, ಹಿಂಗಾಲು ಜಾರಿದ್ರ ಹೊಲಿಗಿ ಎಳಿತೈತಿ. ನೀರು ಅಗಲ ಬಟ್ಟಲದಾಗ ಇಡ್ರಿ. ನಳಿಕಿ ಬಾಟಲಿ ನೆಕ್ಕಾಕ ಆವತ್ತು ಅದಕ್ಕ ಶಕ್ತಿ ಇರೂದಿಲ್ಲ.

ತೆಂಗಿನ_ಗರಿ
ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿದರೆ ಬೇಗ ಒಣಗುತ್ತದೆ. ದನಕರುಗಳಿಗೆಲ್ಲ ಅದೇ ಹಚ್ಚುವುದು.

ಸಣ್ಣಪ್ರಾಣಿ_ವೈದ್ಯೆ
ಮೊಲಕ್ಕೆ ಬೇಡ. ಎಣ್ಣೆ ಸುತ್ತಲಿನ ರೋಮಕ್ಕೆ ಅಂಟಿ ಧೂಳು, ಹಿಕ್ಕೆ ಎಲ್ಲ ಹಿಡಿದುಕೊಳ್ಳುತ್ತದೆ. ಮೈಮೇಲೆ ಏನೋ ಹತ್ತಿದೆ ಎಂದು ಮೊಲ ಮತ್ತೆ ಮತ್ತೆ ನೆಕ್ಕುತ್ತದೆ, ನೆಕ್ಕುತ್ತಾ ಹೊಲಿಗೆಯನ್ನೂ ಕಚ್ಚುತ್ತದೆ. ಅರಿಶಿನದ ಬಣ್ಣದಲ್ಲಿ ಕೆಂಪಾಗಿದೆಯೋ ಇಲ್ಲವೋ ಕಾಣುವುದೂ ಇಲ್ಲ. ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್, ನೇರಳೆ ಔಷಧಿಯ ಸ್ಪ್ರೇ ಯಾವುದೂ ಬೇಡ. ಒಣಗಿದ ಗಾಯವನ್ನು ಮುಟ್ಟಲೇಬೇಡಿ. ಮೂತ್ರ, ಹಿಕ್ಕೆ ಮೆತ್ತಿದ್ದರೆ ಮಾತ್ರ ಮೆಡಿಕಲ್ ಅಂಗಡಿಯ ನಾರ್ಮಲ್ ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಒತ್ತಿ ತೆಗೆದು, ಒಣಗಿಸಿ. ಎರಡು ವಾರ ಸ್ನಾನವಂತೂ ಬೇಡವೇ ಬೇಡ.

ಗರಿಕೆ_ಕಟ್ಟು
ಆಪರೇಷನ್ ಆಯಿತು. ಮಧ್ಯಾಹ್ನ 12ಕ್ಕೆ ಎಚ್ಚರ, 2ಕ್ಕೆ ಮನೆ. ಈಗ ಸಂಜೆ 6:30. ಮೂಲೆಯಲ್ಲಿ ಕೂತಿದೆ, ನಾಲ್ಕೈದು ಕೊತ್ತಂಬರಿ ಎಲೆ ಬಿಟ್ಟರೆ ಏನೂ ತಿಂದಿಲ್ಲ. ಹಿಕ್ಕೆ ಆರು, ಎಲ್ಲ ಸಣ್ಣವು. ಕಿವಿ ಬೆಚ್ಚಗಿದೆ.

ಹಿಕ್ಕೆ_ಲೆಕ್ಕ
ಕೊತ್ತಂಬರಿ ಮುಟ್ಟಿದೆ, ಹಿಕ್ಕೆ ಬಿದ್ದಿದೆ, ಕಿವಿ ಬೆಚ್ಚಗಿದೆ. ಇಷ್ಟಿದ್ದರೆ ಈ ಹೊತ್ತಿಗೆ ತಪ್ಪೇನಿಲ್ಲ. ಇನ್ನು ಆಸೆ ಹುಟ್ಟಿಸಬೇಕು. ಪುದೀನ, ಮೂಲಂಗಿ ಸೊಪ್ಪು, ಔಷಧಿ ಹೊಡೆಯದ ಜಾಗದ ತಾಜಾ ಗರಿಕೆ, ಎಲ್ಲವನ್ನೂ ನೀರು ಚಿಮುಕಿಸಿ ಮೂಗಿನ ಹತ್ತಿರವೇ ಇಡಿ. ಒಣಹುಲ್ಲನ್ನು ಅಂಗೈಯಲ್ಲಿ ಉಜ್ಜಿ ಕೊಡಿ, ವಾಸನೆ ಏಳುತ್ತದೆ. ಒಂದು ಬೆರಳ ತುದಿಯಷ್ಟು ಬಾಳೆಹಣ್ಣು ಹಸಿವಿದೆಯೇ ಎಂದು ಪರೀಕ್ಷಿಸಲು ಮಾತ್ರ. ಸಿಹಿ ಹೆಚ್ಚಾದರೆ ಗ್ಯಾಸ್. ಹೊಸ ಸೊಪ್ಪು ಯಾವುದನ್ನೂ ಇವತ್ತು ಪರಿಚಯಿಸಬೇಡಿ. ರಾಗಿ ಹುಲ್ಲು ನಾರಿಗೆ ಒಳ್ಳೆಯದೇ, ಆದರೆ ಒರಟು. ನೋವಿರುವ ದಿನ ಮೆತ್ತಗಿನ ರೋಡ್ಸ್ ಅಥವಾ ಟಿಮೊಥಿ ಹುಲ್ಲು ಬೇಗ ಬಾಯಿಗೆ ಹೋಗುತ್ತದೆ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಆಸೆಗೆ ಒಂದು ಹಿಡಿ ಕೊಡಬಹುದು, ಕ್ಯಾಲ್ಸಿಯಂ ಹೆಚ್ಚಿರುವುದರಿಂದ ದಿನಾ ಅಲ್ಲ.

ರಾತ್ರಿ 9ರವರೆಗೂ ಹುಲ್ಲು ಮುಟ್ಟದಿದ್ದರೆ ಸಿರಿಂಜ್ ಶುರು ಮಾಡಿ. ಎಚ್ಚರವಾಗಿ 12 ಗಂಟೆಯಾದರೂ ಏನೂ ತಿನ್ನದೆ, ಹಿಕ್ಕೆಯೂ ನಿಂತರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಯಾವ ವೈದ್ಯರು ಸಿಗುತ್ತಾರೆಂದು ಈಗಲೇ ಕೇಳಿಟ್ಟುಕೊಳ್ಳಿ.

ಸಿರಿಂಜ್_ಊಟ
ಸಿರಿಂಜ್ ಊಟದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಅಪಾಯ ಆಗುವುದೂ ಇದರಲ್ಲೇ.

ಮೊದಲು ಹೊಟ್ಟೆ ಮುಟ್ಟಿ. ಮೆತ್ತಗೆ ಹಿಟ್ಟಿನ ಮುದ್ದೆಯಂತಿದ್ದರೆ ಸರಿ. ಡೋಲಿನಂತೆ ಬಿಗಿದು ಉಬ್ಬಿದ್ದರೆ, ಮೈ ಕಾವು 38ಕ್ಕಿಂತ ಕೆಳಗಿದ್ದರೆ, ಒಂದು ಹನಿಯನ್ನೂ ಹಾಕಬೇಡಿ. ಒಳಗೆ ಅಡಚಣೆ ಇರಬಹುದು, ತುಂಬಿದಷ್ಟೂ ಅಪಾಯ. ಅದು ನೇರವಾಗಿ ಆಸ್ಪತ್ರೆಯ ಕೆಲಸ.

ಆಕ್ಸ್‌ಬೋ ಕಂಪನಿಯ ಕ್ರಿಟಿಕಲ್ ಕೇರ್ ಪುಡಿ ಸಿಕ್ಕರೆ ಒಂದು ಪಾಲು ಪುಡಿಗೆ ಎರಡು ಪಾಲು ಉಗುರುಬೆಚ್ಚಗಿನ ನೀರು. ಸಿಗದಿದ್ದರೆ ಅದು ದಿನಾ ತಿನ್ನುವ ಪೆಲೆಟ್ (ಅಂಗಡಿಯ ಗುಳಿಗೆ ಆಹಾರ) ಸಾಕು: ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಮೂರು ಪಾಲು ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ತೆಳು ಅಂಬಲಿಯ ಹದಕ್ಕೆ ತನ್ನಿ. ಕಾಳು, ಮೆಕ್ಕೆಜೋಳ ಬೆರೆತ ಪೆಲೆಟ್ ಬೇಡ. ಮಕ್ಕಳ ಸೆರೆಲ್ಯಾಕ್, ಹಾಲು, ಅನ್ನದ ಗಂಜಿ ಬೇಡ. ಪಿಷ್ಟ ಹೆಚ್ಚಾಗಿ ಒಳಗೆ ಹುಳಿಯುತ್ತದೆ. ಕಲಸಿದ್ದು ನಾಲ್ಕು ಗಂಟೆ ಮೀರಿದರೆ ಚೆಲ್ಲಿ.

ಪ್ರಮಾಣ ಒಂದು ಸಲಕ್ಕೆ ಕೆಜಿಗೆ 10 ಮಿಲಿ, ದಿನಕ್ಕೆ ಐದು ಸಲ. 2 ಕೆಜಿಗೆ ಒಂದು ಸಲಕ್ಕೆ 20 ಮಿಲಿ, ದಿನಕ್ಕೆ 100 ಮಿಲಿ. ಇದು ಏನೂ ತಿನ್ನದ ಮೊಲಕ್ಕೆ. ಸ್ವಲ್ಪ ತಿನ್ನುತ್ತಿದ್ದರೆ ಅರ್ಧ ಸಾಕು, ಇಲ್ಲದಿದ್ದರೆ ಹೊಟ್ಟೆ ತುಂಬಿ ಹುಲ್ಲನ್ನೇ ಬಿಡುತ್ತದೆ.

ಟವೆಲ್ಲಿನಲ್ಲಿ ಕೂಸನ್ನು ಸುತ್ತುವ ಹಾಗೆ ಸುತ್ತಿ, ನಾಲ್ಕು ಕಾಲೂ ನೆಲಕ್ಕೆ ತಾಗುವಂತೆ ಕೂರಿಸಿ. ಎಂದೂ ಬೆನ್ನ ಮೇಲೆ ಮಲಗಿಸಬೇಡಿ. ಮುಂದಿನ ಹಲ್ಲಿನ ಹಿಂದೆ, ಬದಿಯಲ್ಲಿ, ಹಲ್ಲಿಲ್ಲದ ಸಂದು ಇದೆ. ಸಿರಿಂಜ್ ತುದಿ ಅಲ್ಲಿಂದ ಅಡ್ಡಕ್ಕೆ ಹೋಗಬೇಕು, ನೇರ ಗಂಟಲ ಕಡೆಗಲ್ಲ. ಅರ್ಧದಿಂದ ಒಂದು ಮಿಲಿ ಬಿಡಿ, ಅಗಿದು ನುಂಗುವವರೆಗೆ ಕಾಯಿರಿ, ಆಮೇಲೆ ಇನ್ನೊಂದು. 20 ಮಿಲಿಗೆ 15 ನಿಮಿಷ ಹಿಡಿದರೆ ನೀವು ಸರಿಯಾಗಿ ಮಾಡುತ್ತಿದ್ದೀರಿ. ಮೂಗಿನಿಂದ ಬಂದರೆ ಅಥವಾ ಉಸಿರು ಗೊರಗೊರ ಎಂದರೆ ತಕ್ಷಣ ನಿಲ್ಲಿಸಿ, ಶ್ವಾಸಕೋಶಕ್ಕೆ ಹೋಗಿರಬಹುದು. ಒಂದು ಮಿಲಿ ಸಿರಿಂಜ್‌ನ ತುದಿ ನಾರಿಗೆ ಕಟ್ಟಿಕೊಳ್ಳುತ್ತದೆ; ಬ್ಲೇಡಿನಿಂದ ಕತ್ತರಿಸಿ, ಅಂಚನ್ನು ಮರಳು ಕಾಗದದಿಂದ ನಯ ಮಾಡಿಕೊಳ್ಳಿ.

ಪುಟ್ಟಕಿವಿ
ಕೋನ್ ಹಾಕಿದ್ದರೆ ಮೊದಲು ತೆಗೆಯಿರಿ, ಅರ್ಧ ಸಮಸ್ಯೆ ಅದೇ ಇರಬಹುದು. ಮೊಲ ತನ್ನ ಮೆದು ಹಿಕ್ಕೆಯನ್ನು ಹಿಂಭಾಗದಿಂದ ನೇರವಾಗಿ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ. ಸಣ್ಣ ದ್ರಾಕ್ಷಿ ಗೊಂಚಲಿನಂತೆ ಹೊಳೆಯುವ ಆ ಹಿಕ್ಕೆಯಲ್ಲೇ ಬಿ ಜೀವಸತ್ವಗಳು, ಪ್ರೋಟೀನು ಇರುವುದು. ಕೋನ್ ಇದ್ದರೆ ಅದು ಸಿಗುವುದಿಲ್ಲ. ಜೊತೆಗೆ ಗಾಬರಿಯಾಗಿ ಹುಲ್ಲೂ ತಿನ್ನುವುದಿಲ್ಲ.

ಸಣ್ಣಪ್ರಾಣಿ_ವೈದ್ಯೆ
ಚರ್ಮದೊಳಗೆ ಹುದುಗಿಸಿದ ಹೊಲಿಗೆ ಅಥವಾ ಅಂಟು ಹಾಕಿದ್ದರೆ ಒಪ್ಪುತ್ತೇನೆ, ಗಂಡು ಮೊಲಕ್ಕೆ ಕೋನ್ ಬೇಡ. ಹೊರಗೆ ಕಾಣುವ ದಾರದ ಹೊಲಿಗೆ ಇದ್ದು, ಅದನ್ನು ಕಚ್ಚುವುದು ಕಣ್ಣಿಗೆ ಬಿದ್ದರೆ ಮಾತ್ರ ಬಟ್ಟೆಯ ಮೆತ್ತನೆ ಕಾಲರ್ ಹಾಕಿ. ಆಗಲೂ ನೀವು ಪಕ್ಕದಲ್ಲಿ ಕೂತು ದಿನಕ್ಕೆ ಎರಡು ಮೂರು ಸಲ ತೆಗೆಯಬೇಕು, ಬಿದ್ದ ಮೆದು ಹಿಕ್ಕೆಯನ್ನು ಎತ್ತಿ ಬಾಯಿಗೆ ಹಿಡಿಯಬೇಕು. ಹೊಟ್ಟೆ ತೆರೆದ ಹೆಣ್ಣು ಮೊಲಕ್ಕೆ ಮಗುವಿನ ಅಂಗಿಯನ್ನು ಕತ್ತರಿಸಿ ಹೊಲಿದ ಕವಚ ಕಾಲರ್‌ಗಿಂತ ಚೆನ್ನ. ಬಾಲದ ಭಾಗ ಪೂರ್ತಿ ತೆರೆದಿರಲಿ.

ಇನ್ನು ನೋವು ಗುರುತಿಸುವ ಬಗೆ. ಬೇಟೆಗೆ ಸಿಗುವ ಪ್ರಾಣಿ, ಕೂಗಿ ಹೇಳುವುದಿಲ್ಲ. 2012ರಲ್ಲಿ ಪ್ರಕಟವಾದ ಮೊಲದ ಮುಖಭಾವದ ಅಳತೆಯಲ್ಲಿ ಐದನ್ನು ನೋಡುತ್ತಾರೆ: ಕಣ್ಣು ಅರೆಮುಚ್ಚಿರುವುದು, ಕೆನ್ನೆ ಚಪ್ಪಟೆಯಾಗುವುದು, ಮೂಗಿನ ಹೊಳ್ಳೆ ಚೂಪಾಗುವುದು, ಮೀಸೆ ಬಿಗಿಯುವುದು, ಕಿವಿ ಸುರುಳಿ ಸುತ್ತಿ ಹಿಂದಕ್ಕೆ ಹೋಗುವುದು. ತಲೆ ಸವರಿದಾಗ ಕೇಳುವ ನವಿರಾದ ಹಲ್ಲಿನ ಸದ್ದು ಸಮಾಧಾನದ್ದು. ಮುಟ್ಟದಿರುವಾಗಲೂ ಜೋರಾಗಿ ಹಲ್ಲು ಕಡಿಯುತ್ತಾ ಬೆನ್ನು ಗೂನು ಮಾಡಿ ಕೂತರೆ ನೋವು.

ಗರಿಕೆ_ಕಟ್ಟು
ರಾತ್ರಿ 9:30ಕ್ಕೆ ಕೋನ್ ತೆಗೆದೆ, ಹತ್ತು ನಿಮಿಷದಲ್ಲಿ ಹುಲ್ಲು ಎಳೆಯಲು ಶುರು. ಬೆಳಿಗ್ಗೆಗೆ ಹಿಕ್ಕೆ ಐವತ್ತರ ಹತ್ತಿರ. ಎರಡು ಪ್ರಶ್ನೆ: ಮೂತ್ರ ಕಿತ್ತಳೆ-ಕೆಂಪು ಬಣ್ಣಕ್ಕಿದೆ, ಬೀಜದ ಚೀಲ ಊದಿಕೊಂಡು ಬೀಜ ಇನ್ನೂ ಒಳಗೇ ಇದೆಯೇನೋ ಅನ್ನಿಸುತ್ತದೆ.

ಹಿಕ್ಕೆ_ಲೆಕ್ಕ
ಇಡೀ ಮೂತ್ರ ಒಂದೇ ಬಣ್ಣಕ್ಕಿದ್ದರೆ ಬಹುತೇಕ ಸಸ್ಯವರ್ಣಕ. ಒತ್ತಡ, ನೀರು ಕಡಿಮೆ, ಸೊಪ್ಪಿನ ಬದಲಾವಣೆ ಯಾವುದರಿಂದಲೂ ಹಾಗಾಗುತ್ತದೆ, ಎರಡು ಮೂರು ದಿನದಲ್ಲಿ ತಿಳಿಯಾಗುತ್ತದೆ. ಬಿಳಿ ಸುಣ್ಣದ ಕಲೆಯೂ ಸಹಜ. ತಿಳಿ ಮೂತ್ರದ ನಡುವೆ ಕೆಂಪು ಎಳೆ ಅಥವಾ ಗಡ್ಡೆ ಕಂಡರೆ ಅದು ರಕ್ತ.

ಸಣ್ಣಪ್ರಾಣಿ_ವೈದ್ಯೆ
ಎರಡನೆಯ, ಮೂರನೆಯ ದಿನ ಚೀಲದಲ್ಲಿ ನೀರು ತುಂಬಿ ಊದುವುದು ಸಾಮಾನ್ಯ. ಮೆತ್ತಗಿರಬೇಕು, ಮೊದಲಿನ ಗಾತ್ರ ಮೀರಬಾರದು, ವಾರದೊಳಗೆ ಇಳಿಯಬೇಕು. ಮೂರನೆಯ ದಿನದ ನಂತರವೂ ಬೆಳೆಯುತ್ತಿದ್ದರೆ, ಕಪ್ಪು ನೀಲಿಯಾಗಿ ಬಿಗಿದರೆ ತೋರಿಸಿ. ಗಂಡು ಮೊಲದಲ್ಲಿ ಹೊಟ್ಟೆಯಿಂದ ಚೀಲಕ್ಕೆ ಬರುವ ದಾರಿ ಜೀವನಪೂರ್ತಿ ತೆರೆದಿರುತ್ತದೆ. ಅದಕ್ಕೇ ಮುಚ್ಚಿದ ವಿಧಾನದಲ್ಲಿ (ಬೀಜದ ಪೊರೆಯನ್ನು ತೆರೆಯದೆ) ಕಟ್ಟುವುದು ಅಥವಾ ಆ ದಾರಿಯನ್ನೇ ಹೊಲಿಯುವುದು. ಸಡಿಲವಾದರೆ ಕರುಳು ಇಳಿದು ಬರಬಹುದು. ಒಮ್ಮೆಲೇ ಉಬ್ಬಿ ತಿನ್ನುವುದೂ ನಿಂತರೆ ಅದು ತುರ್ತು.

ಗಾಯವನ್ನು ಬೆಳಿಗ್ಗೆ, ಸಂಜೆ ಟಾರ್ಚ್ ಹಿಡಿದು ನೋಡಿ. ಮೊಲದ ಕೀವು ಸೋರುವುದಿಲ್ಲ, ಬೆಣ್ಣೆಯಂತೆ ಗಟ್ಟಿ. ಹಾಗಾಗಿ ಒದ್ದೆ ಕಾಣದಿದ್ದರೂ ಹೊಸದಾಗಿ ಗಟ್ಟಿ ಗಂಟು ಸಿಕ್ಕರೆ ಸೋಂಕು ಎಂದೇ ತಿಳಿಯಿರಿ. ಇನ್ನೊಂದು ಶತ್ರು ನೊಣ. ಒದ್ದೆ ಗಾಯದಲ್ಲಿ, ಗಲೀಜಾದ ಹಿಂಭಾಗದಲ್ಲಿ ಇಟ್ಟ ಮೊಟ್ಟೆ ಒಂದು ದಿನದೊಳಗೆ ಹುಳುವಾಗುತ್ತದೆ. ಪಂಜರಕ್ಕೆ ಸೊಳ್ಳೆಪರದೆ ಹಾಕಿ, ಮಳೆಗಾಲದಲ್ಲಂತೂ ತಪ್ಪದೆ.

ಮಲೆನಾಡ_ಹೆಣ್ಮೊಲ
ಹೆಣ್ಣು ಮೊಲ ಇರುವವರೂ ಓದುತ್ತಿರಬಹುದು. ಅದು ಹೊಟ್ಟೆ ತೆರೆದು ಗರ್ಭಕೋಶ ತೆಗೆಯುವ ದೊಡ್ಡ ಆಪರೇಷನ್. ಗಂಡು ಐದಾರು ದಿನದಲ್ಲಿ ಚೇತರಿಸಿಕೊಂಡರೆ ಹೆಣ್ಣಿಗೆ 10ರಿಂದ 14 ದಿನ ಬೇಕು. ನೋವಿನ ಔಷಧಿಯೂ ಒಂದೆರಡು ದಿನ ಹೆಚ್ಚು. ಮೊದಲ ದಿನ ತಿನ್ನುವುದು ಕಡಿಮೆ, ಸಿರಿಂಜ್ ಬೇಕಾಗುತ್ತದೆ ಎಂದುಕೊಂಡೇ ತಯಾರಾಗಿ. ವಸಡು ಬಿಳುಚಿಕೊಂಡು, ಕಿವಿ ತಣ್ಣಗಾಗಿ, ಮಲಗಿದಲ್ಲೇ ಮಲಗಿದ್ದರೆ ಒಳಗೆ ರಕ್ತಸ್ರಾವ ಇರಬಹುದು, ಆ ಗಳಿಗೆಯೇ ಹೊರಡಿ. ಕಷ್ಟವೆಂದು ಬಿಡುವ ಹಾಗೂ ಇಲ್ಲ: ಆಪರೇಷನ್ ಆಗದ ಹೆಣ್ಣು ಮೊಲಗಳಲ್ಲಿ ಮೂರು ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ.

ಗರಿಕೆ_ಕಟ್ಟು
ಮೂರನೆಯ ದಿನ. ತೂಕ 1,965 ಗ್ರಾಂ, ಹಿಕ್ಕೆ ಮೊದಲಿನ ಗಾತ್ರಕ್ಕೆ ಬಂದಿದೆ, ಊತ ಇಳಿಯುತ್ತಿದೆ. ಚುರುಕಾಗಿದೆ, ನೋವಿನ ಔಷಧಿ ನಿಲ್ಲಿಸಬಹುದೇ? ಹೆಣ್ಣು ಮೊಲದ ಜೊತೆ ಯಾವಾಗ ಬಿಡುವುದು?

ಸಣ್ಣಪ್ರಾಣಿ_ವೈದ್ಯೆ
ಚುರುಕಾಗಿರುವುದು ಔಷಧಿಯಿಂದಲೂ ಇರಬಹುದು. ಚೀಟಿಯಲ್ಲಿರುವಷ್ಟು ದಿನ ಮುಗಿಸಿ. ಒಂದು ಹೊತ್ತು ಮರೆತರೆ ಮುಂದಿನ ಸಲ ಎರಡು ಪಟ್ಟು ಹಾಕಬೇಡಿ.

ಮಲೆನಾಡ_ಹೆಣ್ಮೊಲ
ಹೆಣ್ಣಿಗೆ ಆಪರೇಷನ್ ಆಗಿಲ್ಲವಾದರೆ ಆರು ವಾರ ಪೂರ್ತಿ ಬೇರೆ ಇಡಿ. ಬೀಜ ತೆಗೆದರೂ ನಾಳದಲ್ಲಿ ಉಳಿದ ವೀರ್ಯಕ್ಕೆ ನಾಲ್ಕರಿಂದ ಆರು ವಾರ ಶಕ್ತಿ ಇರುತ್ತದೆ. ಹೆಣ್ಣು ಮೊಲಕ್ಕೆ ತಿಂಗಳ ಚಕ್ರ ಇಲ್ಲ. ಕೂಡಿದ ಹತ್ತು ಗಂಟೆಗೆಲ್ಲ ಅಂಡ ಬಿಡುಗಡೆಯಾಗುತ್ತದೆ, 30ರಿಂದ 32 ದಿನಕ್ಕೆ ಮರಿ. ಕೂಡಲು ಕೆಲವು ಸೆಕೆಂಡು ಸಾಕು, ಪಂಜರದ ಸರಳಿನ ಸಂದಿಯಲ್ಲೂ ಸಾಕು. ಹಾಗಾಗಿ ಎರಡು ಪಂಜರದ ನಡುವೆ ಒಂದು ಗೇಣು ಜಾಗ ಬಿಡಿ. ಒಂದನ್ನೊಂದು ನೋಡುತ್ತಿರಲಿ, ಎರಡು ದಿನಕ್ಕೊಮ್ಮೆ ಟವೆಲ್ ಅದಲುಬದಲು ಮಾಡಿ. ಆಸ್ಪತ್ರೆಯ ವಾಸನೆ ಹೋಗಿ ಪರಸ್ಪರರ ವಾಸನೆ ಉಳಿಯುತ್ತದೆ. ಮೂತ್ರ ಸಿಡಿಸುವುದು, ಮೇಲೇರುವುದು ನಾಳೆಯೇ ನಿಲ್ಲುವುದಿಲ್ಲ, ಹಾರ್ಮೋನ್ ಇಳಿಯಲು ಅದಕ್ಕೂ ಇಷ್ಟೇ ವಾರ ಬೇಕು. ಆಮೇಲೆ ಇಬ್ಬರಿಗೂ ಹೊಸದಾದ ಜಾಗದಲ್ಲಿ ದಿನಾ ಹದಿನೈದು ನಿಮಿಷ ಬಿಡಿ, ಪಕ್ಕದಲ್ಲೇ ಕೂತಿರಿ. ಆಪರೇಷನ್ ಆದ ದಿನಕ್ಕೆ 42 ಸೇರಿಸಿ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಡಿ.

ಬಿಸಲೂರು_ಮೊಲ
ಅಷ್ಟ್ರಾಗ ಹತ್ತನೇ ದಿನ ಹೊಲಿಗಿ ತೋರಿಸಿ ಬರ್ರಿ. ಅಲ್ಲೀತನಕ ಸೋಫಾಕ್ಕ ಹಾರಾಕ ಬಿಡಬ್ಯಾಡ್ರಿ, ಎತ್ತಿಕೊಳ್ಳಾಕ ಬೇಕಾದ್ರ ಹಿಂಭಾಗಕ್ಕ ಅಂಗೈ ಕೊಟ್ಟು ಎತ್ರಿ. ಏಣಿ ಹನ್ನೆರಡನೇ ದಿನ ಹಾಕ್ರಿ.